ಖಾಲಿ ಗಾಡಿಗೆ ಕಾಯಿಲೆ ಇಲ್ಲ

ಎರಡನೇ ಗೇರು ತಾನಾಗಿ ಕಳಚಿಕೊಂಡರೆ ಅದು ಮೊದಲು ಗೊತ್ತಾಗುವುದು ಕಿವಿಗೆ. ಅಷ್ಟು ಹೊತ್ತು ಹೋ ಅಂತ ಕೂಗುತ್ತಿದ್ದ ಇಂಜಿನ್ ಒಮ್ಮೆಲೇ ತಣ್ಣಗಾಗುತ್ತದೆ. ಹೊರಗಿನ ಮಳೆ ಕೇಳಿಸುತ್ತದೆ. ವೈಪರ್ ಗಾಜು ಉಜ್ಜುವುದು ಕೇಳಿಸುತ್ತದೆ. ಆಮೇಲೆ ಗಾಡಿ ಹಗ್ಗ ಬಿಚ್ಚಿದ ಕರುವಿನ ಹಾಗೆ ಮುಂದಕ್ಕೆ ಓಡುತ್ತದೆ.

ನನಗೆ ಹೀಗಾಗಿದ್ದು ಆಗುಂಬೆ ಘಾಟಿಯಲ್ಲಿ, ಐದನೇ ತಿರುವು ಕಳೆದು ಆರನೆಯದಕ್ಕೆ ಇಳಿಯುವಾಗ. ಜುಲೈ ತಿಂಗಳು. ಹಿಂದೆ ಮೂವತ್ತು ಚೀಲ ಕುಚ್ಚಲಕ್ಕಿ, ಚೀಲಕ್ಕೆ 50 ಕೆಜಿ. ಬ್ರೇಕ್ ಒತ್ತಿದೆ, ಒತ್ತಿಕೊಂಡೇ ಹ್ಯಾಂಡ್ ಬ್ರೇಕನ್ನೂ ಎಳೆದೆ. ಗಾಡಿ ನಿಂತಿತು. ನೋಡಿದರೆ ಗೇರ್ ಲಿವರ್ ಏನೂ ಗೊತ್ತಿಲ್ಲದವರ ಹಾಗೆ ನ್ಯೂಟ್ರಲ್‌ನಲ್ಲಿ ನಿಂತಿತ್ತು. ಒಂದನೇ ಗೇರಿಗೆ ಹಾಕಿ ಸೋಮೇಶ್ವರದ ತನಕ ಎತ್ತಿನಗಾಡಿಯ ಹಾಗೆ ಇಳಿದೆ. ಹಿಂದೆ ಬರುತ್ತಿದ್ದ ಮಿನಿ ಬಸ್ಸಿನವನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ.

ಗಾಡಿ ಮನೆಗೆ ಬಂದು ಆಗ 41 ದಿನ. ಪೂಜೆಯ ದಿನ ಬಾನೆಟ್ಟಿಗೆ ಹಚ್ಚಿದ ಅರಿಶಿನ ಆ ಮಳೆಗೂ ಪೂರ್ತಿ ಹೋಗಿರಲಿಲ್ಲ.

ಈ ಘಾಟಿ ನೋಡದವರಿಗೆ ಸ್ವಲ್ಪ ಹೇಳಬೇಕು. ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಆಗುಂಬೆಯಲ್ಲಿ ಗುಡ್ಡದ ಅಂಚಿಗೆ ಬರುತ್ತದೆ. ಅಲ್ಲಿಂದ 14 ಹೇರ್‌ಪಿನ್ ತಿರುವು ಸುತ್ತಿ ಸೋಮೇಶ್ವರಕ್ಕೆ ಇಳಿಯುತ್ತದೆ. ಹೆಸರಿಗೆ ಹೆದ್ದಾರಿ, ತಿರುವಿನಲ್ಲಿ ಎದುರು ಬಸ್ ಬಂದರೆ ಒಬ್ಬರು ನಿಲ್ಲಲೇಬೇಕು. ಉದ್ದದ ಲಾರಿಗಳು ಇಲ್ಲಿ ತಿರುಗುವುದಿಲ್ಲ. ಅದಕ್ಕೇ ನಮ್ಮಂಥ ಪಿಕಪ್‌ನವರಿಗೆ ಬಾಡಿಗೆ ಸಿಗುವುದು. ಇಳಿಯುವಾಗ ನಾವೆಲ್ಲ ಪಾಲಿಸುವುದು ಒಂದೇ ಲೆಕ್ಕ: ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಬ್ರೇಕ್ ಒಂದನ್ನೇ ನಂಬಿದರೆ ಅರ್ಧ ಘಾಟಿಗೇ ಲೈನರ್ ಸುಟ್ಟ ವಾಸನೆ ಬರುತ್ತದೆ. ಆಮೇಲೆ ಪೆಡಲ್ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಲೋಡ್ ಗಾಡಿಯನ್ನು ತಡೆದು ಹಿಡಿಯಬೇಕಾದ್ದು ಇಂಜಿನ್. ಇಂಜಿನ್ನಿಗೂ ಚಕ್ರಕ್ಕೂ ನಡುವೆ ಇರುವ ಗೇರೇ ಕೈ ಬಿಟ್ಟರೆ?

ಹನ್ನೊಂದು ವರ್ಷ ಓಡಿಸಿದ ಹಳೇ ಗಾಡಿಯನ್ನು ಕೊಟ್ಟು, ಮೇಲೆ ಸಾಲ ಮಾಡಿ ಇದನ್ನು ತಂದಿದ್ದೆ. "ಇದು ಹೆವಿ ಡ್ಯೂಟಿ ಸಾರ್, 1,700 ಕೆಜಿ ಹಾಕಿ, ಕಣ್ಣು ಮುಚ್ಕೊಂಡು ಹೋಗಿ" ಅಂದಿದ್ದ ಮಾರಾಟದ ಹುಡುಗ. ಕಣ್ಣು ಮುಚ್ಚಿಕೊಂಡು ಆಗುಂಬೆ ಇಳಿಯುವವರನ್ನು ನಾನಂತೂ ನೋಡಿಲ್ಲ.

ಮರುದಿನವೇ ಶಿವಮೊಗ್ಗದ ಷೋರೂಮಿಗೆ ಹೋದೆ. ಸೂಪರ್‌ವೈಸರ್ ಗಾಡಿ ತಗೊಂಡು ಬೈಪಾಸಿನಲ್ಲಿ ಒಂದು ರೌಂಡ್ ಹೋಗಿ ಬಂದರು. ಖಾಲಿ ಗಾಡಿ, ಸಮ ರಸ್ತೆ.

"ಏನೂ ಕಂಪ್ಲೇಂಟ್ ಕಾಣ್ತಿಲ್ಲ ಸಾರ್."

"ಲೋಡ್ ಇದ್ದಾಗ, ಇಳಿಜಾರಲ್ಲಿ ಮಾತ್ರ ಆಗೋದು."

"ನಿಮ್ಮದು ಯಾವ ಲೈಸೆನ್ಸು?"

ಕಾರಿನದೇ, ಎಲ್‌ಎಂವಿ, ಅಂದರೆ ಲಘು ವಾಹನದ್ದು. ಒಟ್ಟು ತೂಕ 7,500 ಕೆಜಿ ಒಳಗಿದ್ದರೆ ಗೂಡ್ಸ್ ಗಾಡಿಗೂ ಅದೇ ಸಾಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಅದು ಅವರಿಗೂ ಗೊತ್ತಿತ್ತು. ಪ್ರಶ್ನೆ ಲೈಸೆನ್ಸಿನದಲ್ಲ, ನನಗೆ ಓಡಿಸಲು ಬರುತ್ತದೋ ಇಲ್ಲವೋ ಎನ್ನುವುದು. ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಅವರು ಇನ್ನೊಂದು ಕೇಳಿದರು. "ಓಡಿಸುವಾಗ ಎಡಗೈ ಗೇರ್ ಲಿವರ್ ಮೇಲೆ ಇಟ್ಕೊಂಡಿರ್ತೀರಾ?"

ಸಿಟ್ಟು ಅಲ್ಲೇ ಇಳಿಯಿತು. ಇಟ್ಟುಕೊಂಡಿರುತ್ತೇನೆ. ಹಳೇ ಗಾಡಿಯ ಲಿವರ್ ಗಡಗಡ ಅಲುಗುತ್ತಿತ್ತು, ಅದನ್ನು ಹಿಡಿದೂ ಹಿಡಿದೂ ಆದ ಅಭ್ಯಾಸ. ಹಾಗೆ ಕೈಭಾರ ಬಿಟ್ಟರೆ ಒಳಗೆ ಗೇರು ಜರುಗಿಸುವ ಶಿಫ್ಟರ್ ಫೋರ್ಕ್ ಸದಾ ಒತ್ತಿಕೊಂಡಿದ್ದು ಬೇಗ ಸವೆಯುತ್ತದೆ ಅಂದರು. ಅದು ನಿಜವೇ. ಗೇರ್ ಕೇಬಲ್ ಸ್ವಲ್ಪ ಅಡ್ಜಸ್ಟ್ ಮಾಡಿ, ಜಾಬ್ ಕಾರ್ಡಿನಲ್ಲಿ 'ತೊಂದರೆ ಕಂಡುಬಂದಿಲ್ಲ' ಅಂತ ಬರೆದು ಕಳಿಸಿದರು. ಗಾಜನೂರು ದಾಟುವ ತನಕ ತಪ್ಪು ನನ್ನದೇ ಇರಬೇಕು ಅಂತಲೇ ಅಂದುಕೊಂಡೆ.

ಅವತ್ತಿನಿಂದ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಓಡಿಸಲು ಶುರು ಮಾಡಿದೆ. ಹೇಳುವಷ್ಟು ಸುಲಭ ಅಲ್ಲ ಅದು. ಕೈ ತಾನಾಗಿ ಎದ್ದು ಹೋಗುತ್ತದೆ. ಒಂದು ದಿನ ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ನನ್ನ ಕೈ ಲಿವರಿನ ಕಡೆ ಹೋದಾಗೆಲ್ಲ ಚಟ್ ಅಂತ ಹೊಡೆದಳು. ಕೊಪ್ಪದಿಂದ ಮನೆಗೆ ಬರುವಷ್ಟರಲ್ಲಿ ಹದಿನೇಳು ಏಟು, ಎಣಿಸಿದ್ದೂ ಅವಳೇ. ಹತ್ತು ದಿನಕ್ಕೆ ಅಭ್ಯಾಸ ಬಿಟ್ಟಿತು. ಹನ್ನೊಂದನೇ ದಿನ ಒಂಬತ್ತನೇ ತಿರುವಿನಲ್ಲಿ, ಕೈ ತೊಡೆಯ ಮೇಲೆ ಇದ್ದಾಗಲೇ, ಗೇರು ಮತ್ತೆ ಕಳಚಿತು.

ನಮ್ಮೂರಿನಲ್ಲಿ ಒಬ್ಬರು ಮೇಸ್ತ್ರಿ ಇದ್ದಾರೆ. ಹಳೇ ಗಾಡಿಯನ್ನು ಹನ್ನೊಂದು ವರ್ಷ ಬದುಕಿಸಿದವರು. ಅವರ ಹತ್ತಿರ ಹೋದೆ. ಗಾಡಿಯ ಅಡಿಗೆ ಹೋಗಿ ನೋಡಿ, ಎದ್ದು ಬಂದು ಕೈ ಒರೆಸಿಕೊಂಡರು.

"ನಾ ಬಿಚ್ಚೋದಿಲ್ಲ ಮಾರಾಯ. ನಾ ಒಂದು ಬೋಲ್ಟ್ ಬಿಚ್ಚಿದ್ರೆ ನಿನ್ನ ವಾರಂಟಿ ಹೋಯ್ತು."

ಬಿಚ್ಚದಿದ್ದರೂ ಒಳಗೆ ಏನಾಗುತ್ತಿರಬಹುದು ಅಂತ ಹೇಳಿದರು. ಗೇರಿನ ಪಕ್ಕದಲ್ಲಿ ಸ್ಲೀವ್ ಅಂತ ಒಂದು ಬಳೆ ಇರುತ್ತದೆ. ನಾವು ಲಿವರ್ ಎಳೆದಾಗ ಫೋರ್ಕ್ ಆ ಬಳೆಯನ್ನು ಜರುಗಿಸಿ ಗೇರಿನ ಪಕ್ಕದ ಚಿಕ್ಕ ಹಲ್ಲುಗಳಿಗೆ ಕೂರಿಸುತ್ತದೆ. ಬಳೆ ಪೂರ್ತಿ ಕೂರಬೇಕು. ಅರ್ಧ ಕೂತರೆ ಏರಿನಲ್ಲಿ, ಇಂಜಿನ್ ಚಕ್ರವನ್ನು ಎಳೆಯುವಾಗ, ಹೇಗೋ ಹಿಡಿದುಕೊಂಡಿರುತ್ತದೆ. ಇಳಿಜಾರಿನಲ್ಲಿ ಚಕ್ರವೇ ಇಂಜಿನ್ನನ್ನು ತಳ್ಳುತ್ತದಲ್ಲ, ಆಗ ಒತ್ತಡ ಹಲ್ಲಿನ ಇನ್ನೊಂದು ಮಗ್ಗುಲಿಗೆ ಬೀಳುತ್ತದೆ. ಬಳೆ ಜಾರಿ ಹೊರಗೆ ಬರುತ್ತದೆ. ಒಂದೊಂದು ಸಲ ಜಾರಿದಾಗಲೂ ಹಲ್ಲಿನ ಮೂಲೆ ಇನ್ನಷ್ಟು ಸವೆಯುತ್ತದೆ. ಇದನ್ನೆಲ್ಲ ಅವರು ತೋರಿಸಿದ್ದು ಒಂದು ಸ್ಟೀಲ್ ಲೋಟ ಮತ್ತು ತಮ್ಮ ಉಂಗುರ ಇಟ್ಟುಕೊಂಡು. ನನಗೆ ಗೇರ್ ಬಾಕ್ಸ್ ಅರ್ಥವಾಗಿದ್ದು ಅವತ್ತೇ.

"ಖಾಲಿ ಗಾಡಿಗೆ ಈ ಕಾಯಿಲೆ ಇಲ್ಲ. ಲೋಡ್ ಹಾಕ್ಕೊಂಡು ಅವರನ್ನೇ ಪಕ್ಕ ಕೂರಿಸ್ಕೊಂಡು ಹೋಗು. ಅಲ್ಲೀವರೆಗೆ ಎಲ್ಲಾ ಬರೆದಿಡು" ಅಂದರು. ಮತ್ತೆ ಇಳಿಯುವುದಾದರೆ ಒಂದನೇ ಗೇರಿನಲ್ಲೇ ಇಳಿ, ಶೂರತನ ಬೇಡ ಅಂತಲೂ ಬೈದರು.

ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ತಾರೀಖು, ತೂಕ, ಯಾವ ತಿರುವು, ಜಾರಿತೋ ಇಲ್ಲವೋ. ಕಷ್ಟದ ತಿರುವುಗಳನ್ನೆಲ್ಲ ಒಂದನೇ ಗೇರಿನಲ್ಲೇ ದಾಟಿ, ಮುಂದೆ ಹಿಂದೆ ಯಾರೂ ಇಲ್ಲದ ಕಡೆ ಮಾತ್ರ ಎರಡಕ್ಕೆ ಹಾಕಿ ನೋಡುತ್ತಿದ್ದೆ. ಹನ್ನೊಂದು ಸಲ ಲೋಡ್ ಹಾಕಿ ಇಳಿದಿದ್ದರಲ್ಲಿ ಆರು ಸಲ ಜಾರಿತ್ತು. ಆರೂ ಎರಡನೇ ಗೇರೇ. ಮೊದಲ ನಾಲ್ಕು ತಿರುವಿನೊಳಗೆ ಒಮ್ಮೆಯೂ ಇಲ್ಲ. ಓವರ್‌ಲೋಡ್ ಅನ್ನುತ್ತಾರೆ ಅಂತ ಗೊತ್ತಿತ್ತು, ಪ್ರತಿ ಸಲದ ವೇ ಬ್ರಿಡ್ಜ್ ತೂಕದ ಚೀಟಿಯನ್ನೂ ಅಂಟಿಸಿಟ್ಟೆ.

ಷೋರೂಮಿನವರು ಅಂದಿದ್ದೂ ಅದನ್ನೇ. ಚೀಟಿ ತೋರಿಸಿದೆ. ಆಮೇಲೆ "ಕಂಪನಿ ಇಂಜಿನಿಯರ್ ಬರಬೇಕು" ಅಂದರು. ಇಂಜಿನಿಯರ್ ಬರಲು ಮೂರು ವಾರ. ಆ ಮೂರು ವಾರ ನಾನು ಘಾಟಿ ಬಾಡಿಗೆ ಬಿಟ್ಟು ಊರೊಳಗೆ ಗೊಬ್ಬರ, ಹಿಂಡಿ ಹೊತ್ತೆ. ಸಾಲದ ಕಂತು ಮಾತ್ರ ಐದನೇ ತಾರೀಖಿಗೆ ಸರಿಯಾಗಿ ಹೋಗುತ್ತಿತ್ತು. ಪರಿಚಯದ ವಕೀಲರೊಬ್ಬರನ್ನೂ ಕೇಳಿದೆ. ಹಳದಿ ಬೋರ್ಡಿನ ಗಾಡಿಯಾದರೂ ಸ್ವಂತ ಹೊಟ್ಟೆಪಾಡಿಗೆ ನೀನೇ ಓಡಿಸುತ್ತಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀನೂ ಗ್ರಾಹಕನೇ, ಜಿಲ್ಲಾ ಆಯೋಗಕ್ಕೆ ಹೋಗಬಹುದು, ಎರಡು ವರ್ಷದೊಳಗೆ ಹಾಕಬೇಕು ಅಂದರು. ಹೋಗಲಿಲ್ಲ. ಆದರೆ ಮುಂದಿನ ಸಲ ಷೋರೂಮಿನಲ್ಲಿ ಆ ಕಾಯ್ದೆಯ ಹೆಸರನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಇಂಜಿನಿಯರ್ ಬಂದರು.

ಇಪ್ಪತ್ತೈದು ಇಪ್ಪತ್ತಾರರ ಹುಡುಗ. ಬಿಳಿ ಷರ್ಟು, ಕೈಯಲ್ಲಿ ಲ್ಯಾಪ್‌ಟಾಪು. ಲ್ಯಾಪ್‌ಟಾಪಿಗೆ ಇಂಜಿನ್ನಿನ ದೂರು ಗೊತ್ತಾಗುತ್ತದಂತೆ, ಸ್ಲೀವ್ ಜಾರಿದ್ದು ಗೊತ್ತಾಗುವುದಿಲ್ಲವಂತೆ. ಒಳ್ಳೆಯ ಹುಡುಗ, ಅದನ್ನು ಅವನೇ ಒಪ್ಪಿಕೊಂಡ. ಮೂವತ್ತು ಚೀಲ ಹಾಕಿಕೊಂಡು ಆಗುಂಬೆಗೆ ಹೋದೆವು. ಹೇಗೂ ಅವನು ಪಕ್ಕದಲ್ಲಿದ್ದಾನೆ ಅಂತ ಎರಡನೇ ಗೇರಿನಲ್ಲೇ ಇಳಿಸಿದೆ, ತೀರಾ ನಿಧಾನ, ಕಾಲು ಬ್ರೇಕಿನ ಮೇಲೆ.

ಹದಿನಾಲ್ಕೂ ತಿರುವು ಮುಗಿದವು. ಒಮ್ಮೆಯೂ ಜಾರಲಿಲ್ಲ.

ಡಾಕ್ಟರ ಎದುರು ಕೂತ ಕೂಡಲೇ ಮಗುವಿನ ಜ್ವರ ಇಳಿಯುತ್ತದಲ್ಲ, ಅದೇ ಕತೆ. ಸೋಮೇಶ್ವರದಲ್ಲಿ ಚಾ ಕುಡಿದೆವು. ಹುಡುಗ ಫೋನ್ ನೋಡುತ್ತಾ "ಕೇಬಲ್ ಅಡ್ಜಸ್ಟ್ ಆಗಿ ಸರಿ ಹೋಗಿರಬೇಕು ಅಣ್ಣಾ" ಅಂದ. ನನಗೆ ಅಳು ಬರುವುದೊಂದು ಬಾಕಿ. ಇಲ್ಲೇ ಹೆಬ್ರಿಗೆ ಹೋಗಿ ಅಕ್ಕಿ ಇಳಿಸಿಬಿಟ್ಟರೆ ಕತೆ ಮುಗಿಯಿತು, ಇನ್ನು ಅವನು ಬರುವುದಿಲ್ಲ. ನೋಟ್‌ಬುಕ್ ತೆಗೆದು ಮುಂದಿಟ್ಟೆ. ನಾಲ್ಕನೇ ತಿರುವಿನ ಒಳಗೆ ಯಾಕೆ ಜಾರಿಲ್ಲ ನೋಡಿ, ಬಿಸಿಯಾದ ಮೇಲೇ ಆಗುವುದು, ಇದೇ ಲೋಡಿನಲ್ಲಿ ಮೇಲೆ ಹತ್ತಿ ಇನ್ನೊಂದು ಸಲ ಇಳಿಯೋಣ ಅಂದೆ. ಅವನು ಗಡಿಯಾರ ನೋಡಿದ. ಪುಟ ತಿರುವಿ ಚೀಟಿಗಳನ್ನೂ ನೋಡಿದ. "ಆಯ್ತು, ಒಂದೇ ಸಲ" ಅಂದ.

ಮತ್ತೆ ಹತ್ತಿದೆವು. ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಮಂಜು ಮುಸುಕಿ ರಸ್ತೆಯೇ ಕಾಣುತ್ತಿರಲಿಲ್ಲ, ಆದರೂ ಇಬ್ಬರು ಸೆಲ್ಫಿ ತೆಗೆಯುತ್ತಿದ್ದರು. ಇಂಜಿನ್ ನಿಲ್ಲಿಸದೆ ಅಲ್ಲೇ ಮುಂದೆ ತಿರುಗಿಸಿಕೊಂಡು ಇಳಿಯಲು ಶುರು ಮಾಡಿದೆ. ಮೂರು, ನಾಲ್ಕು, ಐದು. ಎಡಗೈ ತೊಡೆಯ ಮೇಲೆ. ಏಳನೆಯದರ ಹತ್ತಿರ ಇಂಜಿನ್ ಸದ್ದು ನಿಂತ ಹಾಗಾಯಿತು. ಮಳೆ ಕೇಳಿಸಿತು.

ಲಿವರ್ ತಾನಾಗಿ ನ್ಯೂಟ್ರಲ್‌ಗೆ ಬಂದಿದ್ದನ್ನು ಹುಡುಗ ಕಣ್ಣಾರೆ ನೋಡಿದ. ಅವನ ಎರಡೂ ಕೈ ಡ್ಯಾಶ್‌ಬೋರ್ಡ್ ಮೇಲಿದ್ದವು. ಲ್ಯಾಪ್‌ಟಾಪ್ ಕಾಲಡಿ ಬಿದ್ದಿತ್ತು. ಗಾಡಿ ನಿಲ್ಲಿಸಿದೆ. ನನಗೆ ಆದ ಖುಷಿ ಹೇಳುವ ಹಾಗಿಲ್ಲ. ಸ್ವಂತ ಗಾಡಿ ಕೆಟ್ಟಿದೆ ಅಂತ ಇಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು.

"ಡ್ರೈವಿಂಗ್ ಪ್ರಾಬ್ಲಮ್ ಅಲ್ಲ" ಅಂದ ಅವನು, ಸ್ವಲ್ಪ ಹೊತ್ತಿನ ಮೇಲೆ.

ಗೇರ್ ಬಾಕ್ಸ್ ಬಿಚ್ಚುವ ದಿನ ನಾನು ಅಲ್ಲೇ ನಿಂತಿದ್ದೆ. ತೆಗೆದ ಆಯಿಲ್ಲಿನಲ್ಲಿ ಹಿತ್ತಾಳೆ ಪುಡಿ ಮಿಣಮಿಣ ಅನ್ನುತ್ತಿತ್ತು. ಅದು ಗೇರು ಮೆತ್ತಗೆ ಕೂರಲು ನೆರವಾಗುವ ಸಿಂಕ್ರೊ ರಿಂಗ್ ಸವೆದ ಪುಡಿ. ಎರಡನೇ ಗೇರಿನ ಚಿಕ್ಕ ಹಲ್ಲುಗಳ ಮೂಲೆಗಳೆಲ್ಲ ಉರುಟಾಗಿದ್ದವು. ಫೋರ್ಕನ್ನು ಸಮತಟ್ಟು ಮೇಜಿನ ಮೇಲೆ ಇಟ್ಟರೆ ಒಂದು ಕಾಲು ಎದ್ದು ನಿಲ್ಲುತ್ತಿತ್ತು. ಬರುವಾಗಲೇ ಹಾಗೆ ಬಂದಿರಬೇಕು ಅಂತ ಹುಡುಗ ಮೆಲ್ಲಗೆ ಹೇಳಿದ, ಜಾಬ್ ಕಾರ್ಡಿನಲ್ಲಿ ಬರೆಯಲಿಲ್ಲ. ವಾರಂಟಿಯಲ್ಲಿ ಬದಲಾಯಿಸಿದ ಹಳೇ ಭಾಗಗಳು ಕಂಪನಿಗೇ ವಾಪಸ್ ಹೋಗಬೇಕಂತೆ, ನನಗೆ ಕೊಡಲಿಲ್ಲ. ಫೋಟೋ ತೆಗೆದುಕೊಂಡೆ. ಮೇಸ್ತ್ರಿಗೆ ತೋರಿಸಿದಾಗ ಅವರು ಫೋಟೋ ಹಿಗ್ಗಿಸಿ ನೋಡಿ, ಸುಮ್ನೆ ತಮ್ಮ ಉಂಗುರವನ್ನು ಲೋಟದ ಬಾಯಿಗೆ ಓರೆಯಾಗಿ ಇಟ್ಟು ತೋರಿಸಿದರು.

ಹೊಸ ಭಾಗ ಬರಲು 17 ದಿನ ಹಿಡಿಯಿತು. ಗೇರು, ಸ್ಲೀವ್, ರಿಂಗ್, ಫೋರ್ಕ್ ಎಲ್ಲ ಉಚಿತ. ಆಯಿಲ್ಲಿಗೆ ಬಿಲ್ ಹಾಕಿದರು. ನಿಂತ ದಿನಗಳ ಬಾಡಿಗೆ ಯಾರೂ ಕೊಡಲಿಲ್ಲ, ಕೇಳಿದ್ದಕ್ಕೆ ನಕ್ಕರು. ಎಡಗೈ ಬಗ್ಗೆ ಕೇಳಿದ ಸೂಪರ್‌ವೈಸರ್ ಆವತ್ತು ರಜೆಯಲ್ಲಿದ್ದರು. ಇದ್ದಿದ್ದರೆ ಒಂದು ಮಾತು ಆಡುತ್ತಿದ್ದೆ. ಬೈಯಲೋ ಥ್ಯಾಂಕ್ಸ್ ಹೇಳಲೋ ಇನ್ನೂ ಗೊತ್ತಿಲ್ಲ, ಆ ಅಭ್ಯಾಸ ಬಿಡಿಸಿದ್ದು ಅವರೇ ಅಲ್ವಾ.

ಗಾಡಿ ಬಂದ ಮೂರನೇ ದಿನ ಮತ್ತೆ ಮೂವತ್ತು ಚೀಲ ಹಾಕಿದೆ. ಹೆಂಡತಿ ನಾನೂ ಬರುತ್ತೇನೆ ಅಂದಳು, ಬೇಡ ಅಂದೆ. ಮಳೆ ಹೊಳವಾಗಿತ್ತು. ಎರಡನೇ ಗೇರಿನಲ್ಲಿ ಇಳಿಸಿದೆ. ಐದಾಯಿತು, ಏಳಾಯಿತು, ಒಂಬತ್ತಾಯಿತು. ರೇಡಿಯೋ ಹಾಕಿರಲಿಲ್ಲ. ಇಂಜಿನ್ ಒಂದೇ ಸಮನೆ ಕೂಗುತ್ತಿತ್ತು. ಸೋಮೇಶ್ವರದ ಚೆಕ್‌ಪೋಸ್ಟ್ ದಾಟಿ, ತೊಡೆಯ ಮೇಲಿದ್ದ ಕೈ ತೆಗೆದು, ಮೂರನೇ ಗೇರಿಗೆ ಹಾಕಿದೆ.