ಲಸಿಕೆ ಹಾಕ್ಸಿದ್ವಿ, ಆದ್ರೆ ಹತ್ತಿತಾ?

ನನ್ನ ತಮ್ಮಂಗೆ ಹಿಮೋಫಿಲಿಯಾ ಎ, ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಬೇಕಾದ ಫ್ಯಾಕ್ಟರ್ 8 ಅವನಲ್ಲಿ ತೀರಾ ಕಮ್ಮಿ. ಚಿಕ್ಕೋನಿದ್ದಾಗ ಸೂಜಿ ಅಂದ್ರೇನೆ ಮನೇಲಿ ಎಲ್ರಿಗೂ ಭಯ, ಒಳಗೊಳಗೇ ರಕ್ತ ಸೋರಿ ತೋಳು ಊದ್ಕೊಂಡ್ರೆ ಏನ್ಮಾಡೋದು ಅಂತ, ಅದಕ್ಕೇ ಎಷ್ಟೋ ಲಸಿಕೆ ಮುಂದಕ್ಕೆ ಹಾಕ್ತಾನೇ ಬಂದ್ವಿ. ಹಂಗೆ ಮುಂದಕ್ಕೆ ಹಾಕ್ಬಾರ್ದಿತ್ತು. ಮಾಡ್ಬೇಕಾಗಿರೋದು ಇಷ್ಟೇ: ಫ್ಯಾಕ್ಟರ್ ತಗೊಂಡ ಸ್ವಲ್ಪ ಹೊತ್ತಲ್ಲೇ ಲಸಿಕೆ ಹಾಕ್ಸೋದು, 23 ಗೇಜ್ ಅಥವಾ ಅದಕ್ಕಿಂತ ತೆಳು ಸೂಜಿ ಕೇಳೋದು (ಗೇಜ್ ನಂಬರ್ ಹೆಚ್ಚಾದಷ್ಟೂ ಸೂಜಿ ತೆಳು), ಚುಚ್ಚಿದ ಜಾಗಾನ ಉಜ್ಜದೆ ಕನಿಷ್ಠ 2 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯೋದು (ನಾವು 10 ನಿಮಿಷ ಹಿಡೀತೀವಿ). ಬರೀ ಹಿಮೋಫಿಲಿಯಾ ಇದ್ರೆ ಇಮ್ಯೂನಿಟಿಗೇನೂ ಆಗಿರಲ್ಲ, ಲಸಿಕೆ ಎಲ್ರಿಗೂ ಹತ್ತೋ ಹಂಗೇ ಹತ್ತುತ್ತೆ.

ನಮಗೆ ಕಷ್ಟ ಶುರುವಾಗಿದ್ದು ಇನ್ಹಿಬಿಟರ್ ಬಂದ್ಮೇಲೆ. ಹೊರಗಿಂದ ಕೊಡೋ ಫ್ಯಾಕ್ಟರ್ ಮೇಲೇ ಅವನ ಮೈ ಆಂಟಿಬಾಡಿ ಮಾಡ್ಕೊಳ್ತು, ಅದನ್ನ ಇಳಿಸೋಕೆ ರಿಟುಕ್ಸಿಮ್ಯಾಬ್ ಕೊಟ್ರು. ಈ ಔಷಧಿ ಬಿ ಸೆಲ್‌ಗಳನ್ನ ಖಾಲಿ ಮಾಡುತ್ತೆ, ಲಸಿಕೆ ಬಿದ್ಮೇಲೆ ಆಂಟಿಬಾಡಿ ತಯಾರಾಗ್ಬೇಕಾಗಿರೋದೂ ಅದೇ ಸೆಲ್‌ಗಳಿಂದಾನೇ ನೋಡಿ, ಇದನ್ನ ನಮಗೆ ಯಾರೂ ಹೇಳ್ಲಿಲ್ಲ, ಆ ತಿಂಗಳುಗಳಲ್ಲೇ ಹೆಪಟೈಟಿಸ್ ಬಿ ಲಸಿಕೆ 3 ಡೋಸ್ ಮುಗಿಸಿ ನೆಮ್ಮದಿಯಾಗಿದ್ವಿ. ಆಮೇಲೆ ಇನ್ನೊಬ್ರು ಡಾಕ್ಟ್ರು ಟೈಟರ್ ಟೆಸ್ಟ್, ಅಂದ್ರೆ ರಕ್ತದಲ್ಲಿ ಆಂಟಿಬಾಡಿ ಎಷ್ಟಿದೆ ಅಂತ ಅಳೆಯೋ ಟೆಸ್ಟ್ ಬರ್ಕೊಟ್ರು. ಆ ನಂಬರ್ 10 ದಾಟ್ಬೇಕಿತ್ತು, ಆರೋಗ್ಯವಾಗಿರೋ ವಯಸ್ಕರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಜನ ದಾಟ್ತಾರೆ, ಇವನು ದಾಟಿರ್ಲಿಲ್ಲ. ಅವತ್ತು ಅಮ್ಮ ಅತ್ತಿದ್ದು ಇನ್ನೂ ಕಣ್ಮುಂದೆ ಇದೆ.

ಇದು ಅವನೊಬ್ಬನ ಕಥೆ ಅಲ್ಲ. ಅಂಗಾಂಗ ಕಸಿ ಮಾಡ್ಸಿಕೊಂಡೋರೂ ಇಮ್ಯೂನಿಟಿ ಕುಗ್ಗಿಸೋ ಔಷಧಿ ತಗೊಳ್ತಾರೆ. ಅಂಥ 658 ಜನರನ್ನ 2021ರಲ್ಲಿ ಅಮೆರಿಕದಲ್ಲಿ ನೋಡಿದಾಗ, ಕೋವಿಡ್ ಎಂಆರ್‌ಎನ್‌ಎ ಲಸಿಕೆ 2 ಡೋಸ್ ಆದ್ಮೇಲೂ ಆಂಟಿಬಾಡಿ ಸಿಕ್ಕಿದ್ದು 54 ಪರ್ಸೆಂಟ್ ಜನರಲ್ಲಿ ಮಾತ್ರ. ಅದೇ ವರ್ಷ ಆಗಸ್ಟಲ್ಲಿ ಇಂಥೋರಿಗೆ ಅಲ್ಲಿ 3ನೇ ಡೋಸ್‌ಗೆ ಅನುಮತಿ ಕೊಟ್ರು. ಹಂಗಂತ ಲಸಿಕೆ ದಂಡ ಅನ್ಬೇಡಿ ದಯವಿಟ್ಟು, ಇಂಥೋರಿಗೆ ಯಾವಾಗ, ಎಷ್ಟು ಡೋಸ್ ಅನ್ನೋ ಲೆಕ್ಕಾನೇ ಬೇರೆ. ಸಾಧ್ಯ ಆದ್ರೆ ಇಂಥ ಔಷಧಿ ಶುರು ಮಾಡೋಕೆ ಕನಿಷ್ಠ 2 ವಾರ ಮುಂಚೆ ಹಾಕ್ಸಿ, ಆಗ್ಲಿಲ್ಲ ಅಂದ್ರೆ ರಿಟುಕ್ಸಿಮ್ಯಾಬ್ ಮುಗಿದು ಸುಮಾರು 6 ತಿಂಗಳು ಬಿಡ್ಬೇಕಾಗ್ಬಹುದು, ನಿಮ್ಮ ಡಾಕ್ಟ್ರನ್ನ ಕೇಳಿ. ಎಂಎಂಆರ್ (ದಡಾರ, ಮಂಗಬಾವು, ರುಬೆಲ್ಲಾ ಲಸಿಕೆ) ಥರದ ಜೀವಂತ ಲಸಿಕೆ, ಅಂದ್ರೆ ಶಕ್ತಿ ಕುಗ್ಗಿಸಿದ ಜೀವಂತ ರೋಗಾಣು ಇರೋದು, ಮಾತ್ರ ಇಮ್ಯೂನಿಟಿ ತೀರಾ ಕುಗ್ಗಿರುವಾಗ ಬೇಡ. ಮನೆಯವರೆಲ್ಲ ತಮ್ತಮ್ಮ ಲಸಿಕೆ ಹಾಕ್ಸಿಕೊಂಡಿರಿ, ನಾವೂ ಹಾಕ್ಸಿಕೊಂಡ್ವಿ.

ತಮ್ಮಂಗೆ ಹೆಪಟೈಟಿಸ್ ಬಿ ಮತ್ತೆ ಮೊದಲಿಂದ ಶುರು ಮಾಡಿದೀವಿ, ಕೊನೇ ಡೋಸ್ ಹೋದ ವಾರ ಆಯ್ತು. ತೋಳು ಊದ್ಲಿಲ್ಲ. ಟೈಟರ್ ಟೆಸ್ಟು ಇನ್ನೊಂದು ತಿಂಗಳಿಗೆ.