ಟೋಕನ್ ಇಸ್ಕೊಳ್ಳೋ ಮುಂಚೆ ಹೇಳಿಬಿಟ್ಟೆ

ಕನಕಪುರದ ಕಡೆ ನಮ್ಮಪ್ಪಂದು ಒಂದು ಎಕರೆ ಹತ್ತು ಗುಂಟೆ ಜಮೀನು, ಅಪ್ಪ ಹೋದ್ಮೇಲೆ ಅಣ್ಣ, ನಾನು, ತಂಗಿ ಮೂರೂ ಜನದ ಹೆಸರಿಗೆ ಪೌತಿ ಖಾತೆ ಆಗಿತ್ತು. ಮಾರೋಣ ಅಂತ ಓಡಾಡಿ ಓಡಾಡಿ ಕೊನೆಗೂ ಒಂದು ಪಾರ್ಟಿ ಸಿಕ್ತು, ಗಂಡ ಹೆಂಡ್ತಿ ಇಬ್ರೂ ಸಾಫ್ಟ್‌ವೇರ್‌ನವರು, 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ರೈತರಲ್ಲದವರೂ ಜಮೀನು ತಗೋಬಹುದಲ್ಲ, ಸಣ್ಣದೊಂದು ಮನೆ ಕಟ್ಕೊಂಡು ಮಾವಿನ ಗಿಡ ಹಾಕ್ತೀವಿ ಅಂತಿದ್ರು. ಇಸಿ (ಜಮೀನಿನ ಮೇಲಿನ ಸಾಲ, ಮಾರಾಟ ತೋರಿಸೋ ಋಣಭಾರ ಪತ್ರ) ಕ್ಲೀನು, ಪಹಣಿ ಕ್ಲೀನು. ಭಾನುವಾರ ಬನಶಂಕರಿಯಲ್ಲಿ ಒಂದು ಹೋಟ್ಲಲ್ಲಿ ಕೂತು ಟೋಕನ್ ಅಡ್ವಾನ್ಸ್ ಅಂತ ಮಾತಾಗಿತ್ತು.

ಶನಿವಾರ ರಾತ್ರಿ ತಂಗಿ ಫೋನ್ ಮಾಡಿದ್ಲು. ಅವಳಿರೋದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಅಲ್ಲೊಂದು ಮನೆ ತಗೊಳ್ತಿದ್ದಾಳೆ. "ಅಕ್ಕಾ, ಮಾರೋರು ಏನೋ ಮಿನರಲ್ ರೈಟ್ಸ್ ಅಂತ ಒಂದು ಫಾರ್ಮ್ ಕೊಟ್ಟಿದಾರೆ ಕಣೇ, ನಾವು ತಗೊಳ್ತಿರೋದು ಮನೆ, ಇದ್ಯಾಕೆ?" ಅಂದ್ಲು. ನಂಗೂ ಗೊತ್ತಿರ್ಲಿಲ್ಲ, ಇಬ್ರೂ ಕೂತು ಓದಿದ್ವಿ. ಅಲ್ಲಿ ನೆಲದ ಮೇಲಿನ ಒಡೆತನ ಒಬ್ಬರದ್ದು, ಅಡಿಯಲ್ಲಿರೋ ಖನಿಜ, ಎಣ್ಣೆ, ಗ್ಯಾಸು ಇನ್ನೊಬ್ಬರದ್ದು ಅಂತ ಬೇರೆ ಮಾಡಿ ಮಾರಬಹುದಂತೆ. 1916ರ ಒಂದು ಕಾಯ್ದೆಯಲ್ಲಿ ದನ ಸಾಕೋರಿಗೆ ಅಂತ 640 ಎಕರೆವರೆಗೂ ಸರ್ಕಾರಿ ಜಮೀನು ಕೊಟ್ಟು, ಕಲ್ಲಿದ್ದಲು ಮತ್ತೆ ಉಳಿದ ಖನಿಜ ಎಲ್ಲ ಸರ್ಕಾರ ತನ್ನ ಹತ್ರಾನೇ ಇಟ್ಕೊಂಡಿತ್ತು. ಎಷ್ಟೋ ರಾಜ್ಯಗಳಲ್ಲಿ ಅಡಿಯ ಹಕ್ಕಿರೋರು ಅದನ್ನ ತೆಗೆಯೋಕೆ ಬೇಕಾದಷ್ಟು ಮೇಲಿನ ನೆಲಾನೂ ಬಳಸಬಹುದು, ಮೇಲಿನವರು ಬೇಡ ಅನ್ನೋ ಹಾಗಿಲ್ಲ.

ಅದಕ್ಕೇ ನಾರ್ತ್ ಕೆರೊಲಿನಾದಲ್ಲಿ 2015ರಿಂದ ಮನೆ ಮಾರೋರು ಈ ಫಾರ್ಮ್ ತುಂಬಿ ಕೊಡಲೇಬೇಕು. ಹಿಂದಿನ ಮಾಲೀಕರು ಹಕ್ಕು ಬೇರೆ ಮಾಡಿದ್ರಾ ಅನ್ನೋದಕ್ಕೆ 'ಏನೂ ಹೇಳಲ್ಲ' ಅಂತ ಟಿಕ್ ಹಾಕ್ಬಹುದು, ಆದ್ರೆ ನೀವೇ ಬೇರೆ ಮಾಡಿದೀರಾ, ರಿಜಿಸ್ಟ್ರೇಷನ್ ಮುಂಚೆ ಮಾಡೋ ಉದ್ದೇಶ ಇದೆಯಾ ಅಂತ ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಎರಡೇ. ಹೊತ್ತಿಗೆ ಸರಿಯಾಗಿ ಕೊಡದಿದ್ರೆ ಮೂರು ದಿನದೊಳಗೆ ಖರೀದಿ ಕರಾರನ್ನೇ ಬಿಟ್ಟು ಬರೋ ಅವಕಾಶ ಕೊಳ್ಳೋರಿಗಿದೆ.

'ನೀವೇ ಮಾಡಿದೀರಾ' ಅನ್ನೋ ಸಾಲು ಓದಿದ ತಕ್ಷಣ ನಂಗೆ ಅಪ್ಪನ ಹಸಿರು ಫೈಲ್ ನೆನಪಾಯ್ತು. ಬೀರುವಿಂದ ತೆಗೆದು ನೋಡಿದ್ರೆ ಇತ್ತು, ನೂರು ರೂಪಾಯಿ ಛಾಪಾ ಕಾಗದ, ಜಮೀನಿನ ಮೂಲೆಯ ಹದಿನೈದು ಗುಂಟೆ ಬಂಡೇಲಿ ಕಲ್ಲು ತೆಗೆಯೋಕೆ ಇಪ್ಪತ್ತು ವರ್ಷಕ್ಕೆ ಒಬ್ಬರಿಗೆ ಒಪ್ಪಿಗೆ ಬರೆದುಕೊಟ್ಟಿದ್ರು. ಅವರು ಸ್ವಲ್ಪ ದಿನ ಒಡೆದು ಬಿಟ್ಟು ಹೋಗಿದ್ರು, ನಾವೂ ಮರೆತಿದ್ವಿ, ಆದ್ರೆ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ರಿಜಿಸ್ಟರ್ ಮಾಡಿಸಿರ್ಲಿಲ್ಲ. ಇಸಿಯಲ್ಲಿ ಬರೋದು ರಿಜಿಸ್ಟರ್ ಆಗಿದ್ದು ಮಾತ್ರ, ಹಾಗಾಗಿ ಎಷ್ಟು ವರ್ಷದ ಇಸಿ ತೆಗೆಸಿದ್ರೂ ಇದು ಕಾಣಲ್ಲ.

ಅಣ್ಣಂಗೆ ಫೋನ್ ಮಾಡಿದೆ. "ಒಂದು ವರ್ಷ ಮೀರಿದ ಲೀಸ್ ರಿಜಿಸ್ಟರ್ ಆಗ್ಲೇಬೇಕು, ಅದಕ್ಕೆ ಬೆಲೆ ಇಲ್ಲ, ಮೇಲಾಗಿ ನಮ್ಮ ರಾಜ್ಯದ ಭೂ ಕಂದಾಯ ಕಾಯ್ದೆ 70ನೇ ಕಲಂ ಪ್ರಕಾರ ಖನಿಜ ಎಲ್ಲ ಸರ್ಕಾರದ್ದು, ಸುಮ್ನಿರು" ಅಂದ. ಅವನು ಹೇಳಿದ ಕಾನೂನು ಸರಿ ಇರ್ಬಹುದು, ಆದ್ರೆ ಪಟ್ಟಾ ಜಮೀನಲ್ಲಿ, ಅಂದ್ರೆ ಖಾಸಗಿಯವರ ಜಮೀನಲ್ಲಿ, ಕ್ವಾರಿ ಲೀಸ್ ಕೇಳೋರು ಮಾಲೀಕರ ಒಪ್ಪಿಗೆ ತೋರಿಸ್ತಾರೆ, ಅಪ್ಪನ ಸಹಿ ಇಟ್ಕೊಂಡು ಅವರು ಗಣಿ ಇಲಾಖೆಯಿಂದ ಲೀಸ್ ಮಾಡಿಸ್ಕೊಂಡಿದ್ರೆ? ನಾಳೆ ಜಮೀನು ತಗೊಳ್ಳೋ ಆ ಹುಡುಗಿ ಮಾವಿನ ಗಿಡ ನೆಟ್ಟ ಮೇಲೆ ಪಕ್ಕದಲ್ಲಿ ಬಂಡೆ ಸಿಡಿಸೋಕೆ ಬಂದ್ರೆ ಆಗ ಅವಳು ಯಾರನ್ನ ಕೇಳ್ಬೇಕು? ತಂಗಿ ಅಂತೂ, "ನಂಗಿಲ್ಲಿ ಗುರುತೇ ಇಲ್ಲದ ಜನ ಬರೆದುಕೊಡ್ತಿದಾರೆ, ನಾವು ಮುಚ್ಚಿಡೋದಾ? ಹೇಳ್ಬಿಡು ಅಕ್ಕ, ನಂದೂ ಭಾಗ ಇದೆ ಅದ್ರಲ್ಲಿ" ಅಂದ್ಲು.

ಭಾನುವಾರ ಕಾಫಿ ಬರೋಕೂ ಮುಂಚೆ ಕಾಗದ ಟೇಬಲ್ ಮೇಲಿಟ್ಟೆ. ಅಣ್ಣ ನನ್ನ ಮುಖಾನೂ ನೋಡ್ಲಿಲ್ಲ. ಬ್ರೋಕರ್ "ಅದೆಲ್ಲ ಹಳೇದು ಮೇಡಂ" ಅಂತ ಕಾಗದ ಮಡಚೋಕೆ ಹೋದ್ರು, ಆ ಹುಡುಗಿ ತಡೆದು ಪೂರ್ತಿ ಓದಿದ್ಲು. ಆಮೇಲೆ ಕೇಳಿದ್ದು ಒಂದೇ, "ಆಂಟಿ, ಮನೆ ಕಟ್ಟಬೇಕು ಅಂದ್ಕೊಂಡಿದ್ದು ಈ ಮೂಲೆಯಲ್ಲೇ ಅಲ್ವಾ?" ಹೌದಮ್ಮ ಅಂದೆ. ಹೇಳುವಾಗ ಗಂಟಲು ಕಟ್ಟಿತು. ಆ ಮೂಲೆ ಎತ್ತರದಲ್ಲಿದೆ, ಗಾಳಿ ಚೆನ್ನಾಗಿ ಬೀಸುತ್ತೆ ಅಂತ ಅವರಿಗೆ ತೋರಿಸಿದ್ದೇ ನಾನು.

ಟೋಕನ್ ಕೊಡ್ಲಿಲ್ಲ. ಆ ಸರ್ವೆ ನಂಬರ್ ಮೇಲೆ ಲೀಸ್ ಇದೆಯೋ ಇಲ್ವೋ ಇಲಾಖೆಯಿಂದ ಬರೆಸ್ಕೊಂಡು ಬನ್ನಿ, ಅಪ್ಪ ಒಪ್ಪಿಗೆ ಬರೆದುಕೊಟ್ಟವರಿಂದ ರದ್ದತಿ ಪತ್ರಾನೂ ಬೇಕು ಅಂದ್ರು, ನ್ಯಾಯವಾದ ಮಾತೇ. ಸೋಮವಾರ ಬೆಳಿಗ್ಗೆ ರಾಮನಗರಕ್ಕೆ ಹೋಗಿ ಗಣಿ ಮತ್ತು ಭೂವಿಜ್ಞಾನ ಇಲಾಖೆ ಆಫೀಸಲ್ಲಿ ಪಹಣಿ, ಅಪ್ಪನ ಕಾಗದದ ಜೆರಾಕ್ಸ್ ಸೇರಿಸಿ ಅರ್ಜಿ ಕೊಟ್ಟೆ. ಸ್ವೀಕೃತಿಯ ಸೀಲು ಬಿದ್ದ ಪ್ರತಿ ಫೋಟೋ ತೆಗೆದು ಮೊದಲು ಆ ಹುಡುಗಿಗೆ ಕಳಿಸಿದೆ, ಆಮೇಲೆ ಅಣ್ಣಂಗೆ, ತಂಗಿಗೆ. "ಸರಿ ಆಂಟಿ, ಕಾಯ್ತೀವಿ" ಅಂತ ಅವಳ ಉತ್ತರ ಬಂದಾಗ ನಾನಿನ್ನೂ ಬೆಂಗಳೂರಿನ ಬಸ್ಸಲ್ಲಿದ್ದೆ.