ಸಂಗಕ್ ರೊಟ್ಟಿಯ ಕಲ್ಲು

ಬೀದರ್, 3 ಮಾರ್ಚ್ 2024, ಭಾನುವಾರ

ಊರಿಗೆ ಬಂದು ನಾಲ್ಕು ದಿನವಾಯಿತು. ಶುಕ್ರವಾರ ಶಿವರಾತ್ರಿ, ಮನೆ ಸಾರಿಸಿ ತೊಳೆಯುವುದು ಎಲ್ಲವೂ ಹಾಗೇ ಬಿದ್ದಿದೆ. ಇವತ್ತು ಬೆಳಿಗ್ಗೆ ಪ್ರಯಾಣದ ಚೀಲ ಒಗೆಯಲೆಂದು ಬೋರಲು ಹಾಕಿ ಕೊಡವಿದರೆ ಕಡಲೆಕಾಳಿನಷ್ಟು ಕಲ್ಲೊಂದು ಬಚ್ಚಲಿಗೆ ಉರುಳಿತು. “ಇದೆಲ್ಲಿಯ ಕಲ್ಲು?” ಎಂದು ಇವರು ಕೇಳಿದರು. ನನಗೆ ನೋಡಿದ ತಕ್ಷಣ ಗೊತ್ತಾಯಿತು. ಇರಾನಿನ ಯಜ್ದ್‌ನ ರೊಟ್ಟಿ ಅಂಗಡಿಯದು.

ಭಾರತೀಯರು ವೀಸಾ ಇಲ್ಲದೆ 15 ದಿನ ಇರಬಹುದು ಎಂದು ಇರಾನ್ ಆಗ, 2024ರ ಫೆಬ್ರುವರಿ 4ರಿಂದ, ಬಾಗಿಲು ತೆರೆದದ್ದೇ ನೆಪವಾಯಿತು. “ಹೋಗಿ ಹೋಗಿ ಇರಾನಿಗೇ?” ಎಂದು ನನ್ನ ನೆಗೆಣ್ಣಿ ಹುಬ್ಬೇರಿಸಿದಳು. ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ನಿವೃತ್ತಿಯವರೆಗೆ ವರ್ಷವರ್ಷವೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಮ್ಮ ಬೀದರಿನ, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ ತೋರಿಸಿದವಳು ನಾನು. “1472ರಲ್ಲಿ ಕಟ್ಟಿದ್ದು, ಕಟ್ಟಿಸಿದವನು ಇರಾನಿನ ಗೀಲಾನ್ ಕಡೆಯವನು” ಎಂದು ಗಿಳಿಪಾಠ ಒಪ್ಪಿಸಿದ ಬಾಯಿಗೆ ಆ ದೇಶ ಒಮ್ಮೆಯಾದರೂ ಕಾಣಬೇಡವೇ? ಗೀಲಾನ್ ಉತ್ತರದಲ್ಲಿ, ಕ್ಯಾಸ್ಪಿಯನ್ ಸಮುದ್ರದ ದಂಡೆಗೆ. ಅಲ್ಲಿಯವರೆಗೆ ಹೋಗಲಾಗಲಿಲ್ಲ. ಟೆಹರಾನಿನಲ್ಲಿ ಎರಡು ದಿನ ಇದ್ದು ಯಜ್ದ್‌ನ ಬಸ್ಸು ಹತ್ತಿದೆವು.

ರೊಟ್ಟಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಫಾರ್ಸಿಯಲ್ಲಿ ಸಂಗ್ ಎಂದರೆ ಕಲ್ಲು. ಸಂಗಕ್ ರೊಟ್ಟಿಯ ಭಟ್ಟಿಯೊಳಗೆ ಸಣ್ಣ ಕಲ್ಲುಗಳನ್ನು ಹಾಸಿರುತ್ತಾರೆ. ನೀರುನೀರಾದ ಹಿಟ್ಟನ್ನು ಉದ್ದ ಹಿಡಿಕೆಯ ಹಲಗೆಯ ಮೇಲೆ ಬೆರಳಿನಿಂದ ಹರವಿ, ಕಾದ ಕಲ್ಲಿನ ಮೇಲೆ ಎಳೆದು ಬಿಡುತ್ತಾರೆ. ಹೊರಬಂದಾಗ ನನ್ನ ತೋಳಿಗಿಂತ ಉದ್ದ, ಮೈಯೆಲ್ಲ ಕುಳಿ, ಕೆಲವು ಕುಳಿಗಳಲ್ಲಿ ಕಲ್ಲು ಹಾಗೇ ಕಚ್ಚಿಕೊಂಡಿರುತ್ತದೆ. ಹೊರಗಿನ ಜಾಳಿಗೆಯ ಮೇಜಿನ ಮೇಲೆ ಕೊಡವಿ ಅದನ್ನು ಆರಿಸಿಕೊಳ್ಳುವುದು ಗಿರಾಕಿಯ ಕೆಲಸ. ಮೂವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ನನ್ನದು, ಆದರೂ ಹಿಡಿಯಲಾಗದೆ ಬಿಟ್ಟುಬಿಟ್ಟೆ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ನಕ್ಕು, “ದಾಗ್, ದಾಗ್” ಎನ್ನುತ್ತ ನನ್ನ ಪಾಲಿನದನ್ನು ತಾವೇ ಎತ್ತಿಕೊಂಡು, ಮೊರದಲ್ಲಿ ಅಕ್ಕಿಯ ಹರಳು ಆರಿಸಿದಂತೆ ಒಂದೊಂದೇ ಕಲ್ಲು ಕಿತ್ತರು. ದಾಗ್ ಎಂದರೆ ಬಿಸಿ. ನಮ್ಮ ಧಗೆಯ ದಾಯಾದಿಯೇ ಇರಬೇಕು ಎಂದುಕೊಂಡು ತಲೆಯಾಡಿಸಿದೆ. ಕಾಗದವಿಲ್ಲ, ಚೀಲವಿಲ್ಲ, ಮಡಿಸಿ ಟವೆಲಿನ ಹಾಗೆ ನನ್ನ ಮುಂಗೈ ಮೇಲೆ ಹೊದಿಸಿದರು. ಒಂದು ಕಲ್ಲು ಅವರ ಕಣ್ಣು ತಪ್ಪಿಸಿ ಬೀದರಿಗೆ ಬಂದಿದೆ.

ಭಾಷೆಯೊಂದೂ ಬಾರದೆ ಹೇಗೆ ತಿರುಗಿದಿರಿ ಎನ್ನುವವರಿಗೆ ಹೇಳುತ್ತೇನೆ: ಹವಾ, ದರವಾಜೆ, ಕಾರಖಾನೆ, ಖಾಲಿ, ಖರ್ಚು, ತಾಜಾ, ನಮೂನೆ. ಅಲ್ಲೂ ಇವೇ ಮಾತುಗಳು. ಇಷ್ಟನ್ನು ನಮ್ಮ ಉಸ್ಮಾನ್‌ಗಂಜ್ ಸಂತೆಯಿಂದಲೇ ಕಟ್ಟಿಕೊಂಡು ಹೋಗಬಹುದು. ಉಳಿದದ್ದಕ್ಕೆ ಕೈ, ಕಣ್ಣು, ಮೊಬೈಲ್.

ಊಟದಲ್ಲಿ ಮಾತ್ರ ಫಜೀತಿ. ನಾವು ಮಾಂಸ ತಿನ್ನುವವರಲ್ಲ, ಅವರಿಗೆ ಅದಿಲ್ಲದೆ ಊಟವೇ ಊಟವಲ್ಲ. ಸುಟ್ಟ ಬದನೆಕಾಯಿ ಪಲ್ಯ ಸಿಕ್ಕಿದ ದಿನ ಹಬ್ಬ. ಹಿಟ್ಟು, ಸೊಪ್ಪು, ಬೇಳೆ ಕುದಿಸಿ ಸಿರ್ಕಾ ಬೆರೆಸುವ ಶೂಲಿ ಎಂಬ ಗಂಜಿಯೂ ಯಜ್ದ್‌ನಲ್ಲಿ ಹೊಟ್ಟೆ ಕಾಪಾಡಿತು. ಖಾರವೆಂಬುದೇ ಇಲ್ಲ. ಒಯ್ದಿದ್ದ ಶೇಂಗಾ ಹಿಂಡಿ ಐದನೆಯ ದಿನಕ್ಕೆ ತಳ ಕಂಡಿತು.

ಇನ್ನು ಎಲ್ಲರೂ ದನಿ ತಗ್ಗಿಸಿ ಕೇಳುವ ಪ್ರಶ್ನೆ: ತಲೆ ಮುಚ್ಚಿಕೊಂಡೇ ಇದ್ದಿರಾ? ಇದ್ದೆ, ಪ್ರವಾಸಿಗರಿಗೂ ಅಲ್ಲಿ ಅದೇ ಕಾನೂನು. ಸೆರಗು ನನಗೇನು ಹೊಸದಲ್ಲ. ಔರಾದ್ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದಾಗ ಮಾವನವರೆದುರು ಸೆರಗು ಜಾರಿದರೆ ಅತ್ತೆಯ ಕೆಮ್ಮು ಕೇಳಿಸುತ್ತಿತ್ತು. ಆದರೆ ಟೆಹರಾನಿನ ಮೆಟ್ರೋದಲ್ಲಿ ನನ್ನೆದುರಿಗೆ ಬರಿತಲೆಯ ಹುಡುಗಿಯೊಬ್ಬಳು ನಿಂತಿದ್ದಳು, ವಸ್ತ್ರ ಹೆಗಲ ಮೇಲಿತ್ತು. ತಲೆವಸ್ತ್ರ ಸರಿಯಾಗಿಲ್ಲವೆಂದು ಹಿಡಿದೊಯ್ದ ಮಹ್ಸಾ ಅಮೀನಿ 2022ರಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತಳಲ್ಲ, ಅವಳಿಗೆ 22 ವರ್ಷ. ಇವಳಿಗೂ ಅಷ್ಟೇ ಇದ್ದೀತು. ನಾನು ಬಿಗಿಯಾಗಿ ಪಿನ್ನು ಚುಚ್ಚಿಕೊಂಡು ಕುಳಿತಿದ್ದೆ. ನನ್ನ ಪಿನ್ನು ನೋಡಿ ಅವಳು ಸಣ್ಣಗೆ ನಕ್ಕಳು. ಏನೆಂದು ನಗಬೇಕೋ ತಿಳಿಯದೆ ನಾನೂ ನಕ್ಕೆ.

ಯಜ್ದ್‌ನ ಜಾಮೆ ಮಸೀದಿಯ ಎದುರು ನಿಂತಾಗ ಮಾತ್ರ ನನಗೆ ಮಾತು ಬರಲಿಲ್ಲ. ಎತ್ತರದ ಬಾಗಿಲು, ಅದರ ನೆತ್ತಿಯ ಮೇಲೆ ಜೋಡಿ ಮಿನಾರು, ಬುಡದಿಂದ ತುದಿಯವರೆಗೆ ನೀಲಿ ಹೆಂಚು. ನಮ್ಮ ಮದರಸಾದಲ್ಲಿ 17ನೆಯ ಶತಮಾನದ ಕೊನೆಗೆ ಮದ್ದು ಸಿಡಿದು ಮುಂಭಾಗ ಹಾರಿಹೋಯಿತು. ಉಳಿದದ್ದು ಒಂದೇ ಮಿನಾರು, ಅದರ ಮೇಲೆ ಅಲ್ಲಲ್ಲಿ ಹೆಂಚಿನ ಚೂರು. “ಇದು ಪೂರ್ತಿ ಇದ್ದಿದ್ದರೆ ಹೇಗಿರುತ್ತಿತ್ತು, ಊಹಿಸಿಕೊಳ್ಳಿ” ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನಾನೇ ಊಹಿಸಿಕೊಂಡಿರಲಿಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಬಿಸಿಲು ಓರೆಯಾದಾಗ ಆ ನೀಲಿ ಹಸಿರಿಗೆ ತಿರುಗುತ್ತದೆ. ಇದನ್ನು ಯಾವ ತರಗತಿಯಲ್ಲೂ ನಾನು ಹೇಳಿಲ್ಲ.

ಅದೇ ಊರಿನ ಜಲ ಸಂಗ್ರಹಾಲಯದಲ್ಲಿ ಮೆಟ್ಟಿಲಿಳಿದರೆ ನೆಲದಡಿಯ ಕನಾತ್. ಗುಡ್ಡದ ಬುಡದಲ್ಲಿ ತಾಯಿಬಾವಿ, ಅಲ್ಲಿಂದ ಊರಿನವರೆಗೆ ಸಾಲುಬಾವಿಗಳು, ಅವುಗಳ ತಳ ಜೋಡಿಸುವ ಸುರಂಗ. ಪಂಪಿಲ್ಲ, ರಾಟೆಯಿಲ್ಲ, ನೀರು ಇಳಿಜಾರಿಗೆ ತಾನೇ ನಡೆದು ಬರುತ್ತದೆ. ಅಗೆಯುವವರು ಬಿಳಿ ಬಟ್ಟೆ ತೊಟ್ಟು ಇಳಿಯುತ್ತಿದ್ದರಂತೆ: ಮಣ್ಣು ಕುಸಿದರೆ ಅದೇ ಕಫನ್. ಇವರು ಮೆಟ್ಟಿಲ ಮೇಲೆ ನಿಂತು, “ಇದು ನಮ್ಮ ನೌಬಾದಿನದೇ ಅಲ್ಲವೇ!” ಎಂದು ಸಂಬಂಧಿಕರನ್ನು ಕಂಡವರ ಹಾಗೆ ಕೂಗಿದರು. ಹೌದು, ಬೀದರಿನ ನೌಬಾದಿನಲ್ಲಿರುವ ಕರೇಜ್ ಎಂಬ ನೆಲದಡಿಯ ಕಾಲುವೆ ಇದರ ತಮ್ಮ. ನಮ್ಮಲ್ಲಿ ಜಂಬಿಟ್ಟಿಗೆ ಕಲ್ಲಿನೊಳಗೆ ಇಂಗಿದ ನೀರನ್ನು ಹಿಡಿದಿದ್ದಾರೆ. ನೌಬಾದ್ ಮನೆಯಿಂದ ಅರ್ಧ ತಾಸಿನ ದಾರಿ, ನಾನು ಹೋಗಿರುವುದು ಎರಡೇ ಸಲ.

ಕೊನೆಗೆ ಟ್ಯಾಕ್ಸಿಯ ಕಥೆ. ಅಲ್ಲಿ ನಮ್ಮ ಬ್ಯಾಂಕ್ ಕಾರ್ಡುಗಳು ನಡೆಯುವುದಿಲ್ಲ, ನೋಟಿನ ಕಟ್ಟು ಹೊತ್ತೇ ತಿರುಗಬೇಕು. ನೋಟಿನ ಮೇಲೆ ರಿಯಾಲ್, ಬಾಯಲ್ಲಿ ತೊಮಾನ್. ಹತ್ತು ರಿಯಾಲಿಗೆ ಒಂದು ತೊಮಾನ್. ಚಾಲಕ “ಐವತ್ತು” ಎಂದರೆ ಐವತ್ತು ಸಾವಿರ ತೊಮಾನ್, ಅಂದರೆ 5,00,000 ರಿಯಾಲ್. ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದ ಇವರಿಗೆ ಸೊನ್ನೆಗಳ ಕಾಟದಿಂದ ನಿದ್ದೆ ಹಾರಿತ್ತು. ಒಂದು ಸಂಜೆ ಲೆಕ್ಕ ಮಾಡಿ ನೋಟು ಚಾಚಿದರೆ ಆ ಮನುಷ್ಯ ಎದೆಯ ಮೇಲೆ ಕೈಯಿಟ್ಟು “ಖಾಬೆಲ್ ನದಾರೆ” ಎಂದ. ನಿಮ್ಮ ಯೋಗ್ಯತೆಗೆ ಇದು ಏನೂ ಅಲ್ಲ ಎಂಬಂಥ ಮಾತು. ಇವರು ಕಣ್ಣು ತುಂಬಿಕೊಂಡು ಕೈಮುಗಿದು, ನೋಟು ಜೇಬಿಗಿಟ್ಟು ಇಳಿದೇಬಿಟ್ಟರು. ಕಾರು ಸ್ವಲ್ಪ ಹೊತ್ತು ನಿಂತೇ ಇತ್ತು. ಆಮೇಲೆ ಹೋಯಿತು. ವಸತಿಗೃಹದ ಹುಡುಗ ಕೇಳಿ ಹಣೆ ಚಚ್ಚಿಕೊಂಡ. ಅದು ತಾರೋಫ್ ಅಂತೆ, ಬರೀ ಉಪಚಾರದ ಮಾತು. ಎರಡು ಸಲ ಬೇಡ ಎನ್ನುತ್ತಾರೆ, ಮೂರನೆಯ ಸಲ ಕೊಡಬೇಕು. ಹೊಸ್ತಿಲಲ್ಲಿ ನಿಂತವರಿಗೆ ನಾವು “ಊಟ ಮಾಡಿಯೇ ಹೋಗಿರಿ” ಎಂದಂತೆ. ನಿಜವಾಗಿ ಕುಳಿತೇಬಿಟ್ಟರೆ ಒಳಗೆ ಅಕ್ಕಿ ತೊಳೆಯಲು ಓಡಬೇಕಲ್ಲ, ಹಾಗೆ. ಇವರು ಹೊರಗೆ ಓಡಿದರು. ಓಣಿ ಖಾಲಿ.

ಆ ಎಪ್ಪತ್ತು ಚಿಲ್ಲರೆ ರೂಪಾಯಿಯ ಋಣ ಇವರನ್ನು ಬಿಟ್ಟಿಲ್ಲ. ಮಧ್ಯಾಹ್ನ ಬಸ್ ನಿಲ್ದಾಣದಿಂದ ಆಟೋದಲ್ಲಿ ಬಂದವರು ಅರವತ್ತು ರೂಪಾಯಿಗೆ ನೂರರ ನೋಟು ಕೊಟ್ಟು, “ಚಿಲ್ಲರೆ ಇರಲಿ” ಎಂದರಂತೆ. ಆಟೋದವನು ಇವರನ್ನು ಮೇಲಿಂದ ಕೆಳಗೆ ನೋಡಿ, ನಲವತ್ತು ಎಣಿಸಿ ಕೈಯಲ್ಲಿಟ್ಟು ಹೋದ. ಈಗ ಪಡಸಾಲೆಯಲ್ಲಿ ಕುಳಿತು ಆ ನಾಲ್ಕು ಹತ್ತರ ನೋಟುಗಳನ್ನು ತಿರುವುತ್ತಿದ್ದಾರೆ. “ನಾನು ಎರಡೇ ಸಲ ಹೇಳಿದೆ ಕಣೇ” ಎನ್ನುತ್ತಾರೆ.